ಗೌಜಲಕ್ಕಿ ಮರಿ: ಕಾವಿಗೆ ಬರ, ಪುಡಿಗೆ ಭರಾಟೆ!

ಸಂತೆ ದಿನ ಸಂಜೆ ಬಸ್ಸು ಹತ್ತುವವರಿಗೆ ಈ ಸದ್ದು ಹೊಸದೇನಲ್ಲ. ಯಾರದೋ ಮಡಿಲಲ್ಲಿ ಬೂಟಿನ ಡಬ್ಬಿ. ಡಬ್ಬಿಗೆ ಪೆನ್ನಿನಿಂದ ಚುಚ್ಚಿದ ನಾಲ್ಕು ತೂತು. ಒಳಗಿಂದ ಚಿಂವ್ ಚಿಂವ್. ಹತ್ತಿಪ್ಪತ್ತು ಗೌಜಲಕ್ಕಿ ಮರಿ. ಪೇಟೆಯವರ ಬಾಯಲ್ಲಿ ಅದು 'ಕ್ವೇಲ್'. ಕಿಟಕಿಯಿಂದ ಗಾಳಿ ಭರ್ರೋ ಅಂತ ಬೀಸುತ್ತಿರುತ್ತದೆ. ಊರು ಮುಟ್ಟುವ ಹೊತ್ತಿಗೆ ಡಬ್ಬಿಯೊಳಗಿನ ಸದ್ದು ಅರ್ಧಕ್ಕಿಳಿದಿರುತ್ತದೆ.

ಮಾರನೇ ದಿನ ಬೆಳಿಗ್ಗೆ ಅದೇ ಮಂದಿ ಪಶು ಔಷಧಿ ಅಂಗಡಿ ಮುಂದೆ. "ಅಣ್ಣಾ, ಮರಿಗಳು ತೂಕಡಿಸ್ತಾವೆ, ಏನಾದ್ರೂ ಕೊಡಿ." "ತಗೊಳ್ಳಮ್ಮಾ, ಈ ಪುಡಿ ನೀರಲ್ಲಿ ಕಲ್ಸಿ ಇಡಿ, ಸರಿಹೋಗ್ತದೆ." ಮರಿಯನ್ನು ಕಂಡವರಿಲ್ಲ, ಮುಟ್ಟಿ ನೋಡಿದವರಿಲ್ಲ, ರೋಗ ಯಾವುದೆಂದು ಕೇಳಿದವರೂ ಇಲ್ಲ. ಪುಡಿ ಮಾತ್ರ ಖರ್ಚಾಯಿತು. ಮೂರನೇ ದಿನ ಡಬ್ಬಿ ಖಾಲಿ. ಮಾರಿದವನು ಕೊಂಡವರ ಮೇಲೆ, ಕೊಂಡವರು ಮಾರಿದವನ ಮೇಲೆ ಗೂಬೆ ಕೂರಿಸಿದರೆ ಕಥೆ ಮುಗಿಯಿತು.

ಬಹುಪಾಲು ಮರಿಗಳಿಗೆ ಬಂದಿರುವುದು ಕಾಯಿಲೆಯಲ್ಲ ಸ್ವಾಮಿ, ಚಳಿ!

ಮೊಟ್ಟೆಯಿಂದ ಹೊರಬಿದ್ದ ಗೌಜಲಕ್ಕಿ ಮರಿಯ ತೂಕ ಏಳೆಂಟು ಗ್ರಾಂ. ಹತ್ತು ರೂಪಾಯಿ ನಾಣ್ಯದಷ್ಟು. (ಅದೇ, ಎಷ್ಟೋ ಅಂಗಡಿಯವರು 'ನಡೆಯಲ್ಲ' ಅಂತ ವಾಪಸು ಕೊಡುವ ನಾಣ್ಯ.) ಅಷ್ಟು ಸಣ್ಣ ದೇಹಕ್ಕೆ ತನ್ನ ಬಿಸಿ ತಾನೇ ಕಾಯ್ದುಕೊಳ್ಳುವ ಶಕ್ತಿ ಎಲ್ಲಿಂದ ಬರಬೇಕು? ಮೊದಲ ವಾರ 35ರಿಂದ 37 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸುತ್ತಾ ಪುಕ್ಕ ಬಲಿಯುವ ತನಕ, ಅಂದರೆ ಮೂರು ನಾಲ್ಕು ವಾರ, ಕಾವು ತಪ್ಪಿಸುವಂತಿಲ್ಲ. ಜಪಾನಿ ತಳಿಯ ಈ ಸಾಕುಹಕ್ಕಿ ಅಮೆರಿಕದಿಂದ ನಮ್ಮ ದೇಶಕ್ಕೆ ಬಂದದ್ದು 1974ರಲ್ಲಿ. ಐದಾರು ವಾರಕ್ಕೆ ಮಾಂಸಕ್ಕೆ ಸಿದ್ಧ, ಆರೇಳು ವಾರಕ್ಕೆ ಮೊಟ್ಟೆ. ಈ ಲೆಕ್ಕ ಎಲ್ಲರಿಗೂ ಬಾಯಿಪಾಠ. ಮೊದಲ ವಾರದ ಲೆಕ್ಕ ಮಾತ್ರ ಯಾರಿಗೂ ಬೇಡ.

ಬಲ್ಬು ಹಾಕಿದ್ದೆವಲ್ಲ ಎನ್ನುತ್ತಾರೆ. ಯಾವ ಬಲ್ಬು? ಎಲ್‌ಇಡಿ. ಅದು ಬೆಳಕು ಕೊಡುತ್ತದೆ, ಕರೆಂಟು ಉಳಿಸುತ್ತದೆ, ಕಾವು ಕೊಡುವುದಿಲ್ಲ. ಮರಿಗೆ ಬೇಕಾದ್ದು ಹಳೇ ಕಾಲದ ಅರವತ್ತು ಕ್ಯಾಂಡಲ್ ಬಲ್ಬು. ಎಲೆಕ್ಟ್ರಿಕಲ್ ಅಂಗಡಿ ಯಜಮಾನರು ಮೂಲೆಯಲ್ಲಿ ನಾಲ್ಕು ಇಟ್ಟುಕೊಂಡರೆ ಪುಣ್ಯ. ಪೆಟ್ಟಿಗೆಯ ಒಂದು ಬದಿಗೆ ಅದನ್ನು ತೂಗುಹಾಕಬೇಕು, ರಟ್ಟಿಗೂ ಬಟ್ಟೆಗೂ ತಾಗದ ಹಾಗೆ. ಥರ್ಮಾಮೀಟರ್ ಇಲ್ಲವೇ? ಮರಿಗಳನ್ನೇ ನೋಡಿ. ಒಂದರ ಮೇಲೊಂದು ಗುಡ್ಡೆ ಬಿದ್ದರೆ ಚಳಿ, ಬಾಯಿ ಕಳೆದು ಮೂಲೆ ಸೇರಿದರೆ ಸೆಕೆ, ಹರಡಿಕೊಂಡು ಓಡಾಡಿದರೆ ಸರಿ. ರಾತ್ರಿ ಕರೆಂಟು ಹೋದರೆ (ಹೋಗದೆ ಇರುತ್ತದೆಯೇ!) ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ಪೆಟ್ಟಿಗೆಯೊಳಗಿಡಿ. ಮುಚ್ಚಿದ ಕೋಣೆಯಲ್ಲಿ ಇದ್ದಿಲ ಒಲೆ ಮಾತ್ರ ಬೇಡ. ಆ ಹೊಗೆ ಮರಿಗೂ ವಿಷ, ಮನೆಯವರಿಗೂ ವಿಷ.

ಇನ್ನೊಂದು ಸಾವು ನೀರಿನಲ್ಲಿ. ಕೋಳಿಮರಿಗೆ ಇಡುವ ತಟ್ಟೆಯಲ್ಲೇ ಇದು ಮುಳುಗಿ ಸಾಯುತ್ತದೆ. ಬಾಟಲಿ ಮುಚ್ಚಳದಂಥ ಆಳವಿಲ್ಲದ ತಟ್ಟೆಗೆ ಹುಡುಗರ ಗೋಲಿ ತುಂಬಿ, ಸಂದಿಯಲ್ಲಿ ನೀರು ನಿಲ್ಲಿಸಿದರೆ ಆಯಿತು. ಕೆಳಗೆ ಪೇಪರ್ ಹಾಸುವ ಚಾಳಿಯೂ ಬಿಡಬೇಕು, ಈ ಪತ್ರಿಕೆಯನ್ನೂ ಸೇರಿಸಿ. ನುಣುಪು ಕಾಗದದ ಮೇಲೆ ಜಾರಿ ಜಾರಿ ಮರಿಯ ಕಾಲು ಆಚೆಗೊಂದು ಈಚೆಗೊಂದು ಚಾಚಿಕೊಳ್ಳುತ್ತದೆ. 'ಲಕ್ವಾ ಹೊಡೆದಿದೆ' ಎಂದು ಎಸೆಯುವ ಎಷ್ಟೋ ಮರಿಗಳ ಕಥೆ ಇದೇ. ಗೋಣಿತಾಟು ಅಥವಾ ಒರಟು ಬಟ್ಟೆ ಹಾಸಿ, ಮೊದಲ ಒಂದೆರಡು ದಿನದಲ್ಲೇ ಮೆತ್ತನೆಯ ಪಟ್ಟಿಯಿಂದ ಎರಡು ಕಾಲನ್ನೂ ಸಹಜ ಅಂತರಕ್ಕೆ ಕಟ್ಟಿದರೆ ಮೂರ್ನಾಲ್ಕು ದಿನದಲ್ಲಿ ನಿಲ್ಲುವುದುಂಟು. ತಡವಾದರೆ ಕಷ್ಟ.

ಸೊರಗಿದ ಮರಿಗೆ ಮೊದಲು ಕಾವು, ಆಮೇಲೆ ಮೇವು. ತಣ್ಣಗಾದ ಮರಿಯ ಬಾಯಿಗೆ ನೀರು ಸುರಿದರೆ ಉಸಿರು ಕಟ್ಟುತ್ತದೆ. ಬೆಚ್ಚಗಾದ ಮೇಲೆ ಕೊಕ್ಕಿನ ತುದಿ ಮಾತ್ರ ನೀರಿಗೆ ತಾಗಿಸಿ. ಹಿಂಭಾಗ ಹಿಕ್ಕೆ ಮೆತ್ತಿ ಮುಚ್ಚಿಹೋಗಿದ್ದರೆ ಉಗುರುಬೆಚ್ಚಗಿನ ನೀರಿನ ಬಟ್ಟೆಯಿಂದ ನೆನೆಸಿ ಒರೆಸಿ, ಕೀಳಬೇಡಿ. ಬರೀ ಅಕ್ಕಿನುಚ್ಚು ಸಾಲದು. ಗೌಜಲಕ್ಕಿ ಮರಿಗೆ ಕೋಳಿಮರಿಗಿಂತ ಹೆಚ್ಚು ಪ್ರೋಟೀನ್ ಬೇಕು, ನೂರಕ್ಕೆ 24ರಿಂದ 27 ಭಾಗ. ಬ್ರಾಯ್ಲರ್ ಸ್ಟಾರ್ಟರ್ ಸಿಕ್ಕರೆ ರವೆಯಂತೆ ಪುಡಿಮಾಡಿ, ಜೊತೆಗೆ ಬೇಯಿಸಿದ ಮೊಟ್ಟೆ ಪುಡಿ ಉದುರಿಸಬಹುದು. ಮೊಟ್ಟೆ ಕೋಳಿಯ ಮೇವು ಬೇಡ. ಅದರ ಸುಣ್ಣದಂಶ ಮರಿಯ ಮೂತ್ರಪಿಂಡ ಕೆಡಿಸುತ್ತದೆ.

ನಿಜವಾದ ರೋಗವೂ ಉಂಟು, ಇಲ್ಲವೆನ್ನುವಂತಿಲ್ಲ. ಹೊಕ್ಕುಳು ಒದ್ದೆಯಾಗಿ ಊದಿ ವಾಸನೆ ಬರುವುದು, ಬಿಳಿ ಭೇದಿ, ಬೂಷ್ಟು ಹಿಡಿದ ಹೊಟ್ಟಿನಿಂದ ಬಾಯಿ ತೆರೆದು ಏದುಸಿರು ಬಿಡುವುದು. ಹೊಕ್ಕುಳ ಸೋಂಕು ಬಂದ ಮರಿ ಉಳಿಯುವುದು ಅಪರೂಪ. ತಪ್ಪು ಕೊಳಕು ಮೊಟ್ಟೆಯದು, ಹ್ಯಾಚರಿಯದು. ಬೂಷ್ಟಿನ ರೋಗಕ್ಕೆ ಆ್ಯಂಟಿಬಯೋಟಿಕ್ ನಾಟುವುದೇ ಇಲ್ಲ. ಅಂಥ ಮರಿಗಳನ್ನು ಬೇರೆ ಮಾಡಿ, ಸತ್ತದ್ದನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಪಶು ಆಸ್ಪತ್ರೆಗೆ ಒಯ್ದರೆ ಡಾಕ್ಟರು ಕೊಯ್ದು ನೋಡಿ ಹೇಳುತ್ತಾರೆ. ಮುಟ್ಟಿದ ಕೈಗೆ ಸೋಪು ಹಾಕಿ ತೊಳೆಯುವುದು ಮಕ್ಕಳಿಗೂ ಕಡ್ಡಾಯ.

ಡಾಕ್ಟರ ಚೀಟಿಯಿಲ್ಲದೆ ಪುಡಿ ಹಂಚುವ ಅಂಗಡಿಗಳಿಗೆ ಒಂದು ಮಾತು. ಮನುಷ್ಯರಿಗೆ ಕೊನೇ ಅಸ್ತ್ರವಾಗಿ ಉಳಿದಿರುವ ಕೊಲಿಸ್ಟಿನ್ ಎಂಬ ಔಷಧಿಯನ್ನು ಕೋಳಿ ಮುಂತಾದವಕ್ಕೆ ಕೊಡಬಾರದೆಂದು ಕೇಂದ್ರ ಸರ್ಕಾರ 2019ರ ಜುಲೈನಲ್ಲೇ ನಿಷೇಧಿಸಿದೆ. ಚಳಿಗೆ ತೂಕಡಿಸುವ ಮರಿಗೆ ಆ್ಯಂಟಿಬಯೋಟಿಕ್ ಕುಡಿಸಿದರೆ ಚಳಿ ಬಿಡುವುದಿಲ್ಲ, ರೋಗಾಣು ಗಟ್ಟಿಯಾಗುತ್ತದೆ. ನಾಳೆ ಅದೇ ರೋಗಾಣು ಅಂಗಡಿಯವರ ಮಗುವಿಗೇ ಬಂದರೆ ಯಾವ ಪುಡಿ ಕೊಡುತ್ತಾರೆ?

ಮಾರುವವರ ಹೊಣೆ ಎಲ್ಲಕ್ಕಿಂತ ದೊಡ್ಡದು. ನಿನ್ನೆ ಒಡೆದ ಮರಿಯನ್ನು ಇವತ್ತು ಸಂತೆಗೆ ತಂದರೆ ಅವರ ಕರೆಂಟು ಖರ್ಚು ಉಳಿಯುತ್ತದೆ, ನಷ್ಟ ಮಾತ್ರ ಕೂಲಿ ದುಡ್ಡಿನಲ್ಲಿ ಕೊಂಡ ಹೆಂಗಸಿನ ತಲೆಗೆ. ಮೂರು ವಾರ ಕಾವು ಕೊಟ್ಟೇ ಮಾರಲಿ. ಬೆಲೆ ನಾಲ್ಕು ಕಾಸು ಹೆಚ್ಚಾಗಲಿ, ಯಾರೂ ಬೇಡವೆನ್ನರು. ಅದಾಗದು ಎಂದರೆ ಒಡೆದ ತಾರೀಕು ಬರೆದ ಚೀಟಿಯನ್ನಾದರೂ ಡಬ್ಬಿಗೆ ಅಂಟಿಸಿ, 'ಅಕ್ಕಾ, ಮನೇಲಿ ಕಾವಿನ ಬಲ್ಬು ಐತಾ?' ಎಂದು ಕೇಳಿ ಕೊಡಲಿ. ಇಲ್ಲ ಎಂದವರಿಗೆ ಮರಿ ಬೇಡ.