ಎರಡು ಲೋಹ ಕೂಡುವ ಗೆರೆ

ಶೂನ್ಯಸಂಪಾದನೆ ಓದಿದವರಿಗೆ ಗುಮ್ಮಳಾಪುರವೆಂದರೆ ಸಿದ್ಧಲಿಂಗದೇವರ ಊರು. ಆ ಊರಿರುವ ತಳಿ ಸೀಮೆಯವರಿಗೆ ಪೇಟೆಯೆಂದರೆ ಹೊಸೂರು, ಹೊಸೂರೆಂದರೆ ಟೈಟಾನ್. ಟಾಟಾ ಸಮೂಹವೂ ತಮಿಳುನಾಡು ಸರ್ಕಾರದ ಟಿಡ್ಕೋ ನಿಗಮವೂ 1984ರಲ್ಲಿ ಕೂಡಿ ಕಟ್ಟಿದ ವಾಚು ಕಂಪನಿ ಅದು. ಬೆಂಗಳೂರಿನ ಎಚ್‌ಎಂಟಿ 1961ರಿಂದ ಕೀಲಿ ಕೊಡುವ ಗಟ್ಟಿಮುಟ್ಟು ವಾಚುಗಳನ್ನು ಮಾಡಿಕೊಂಡು ಬಂದಿತ್ತು. ಜರ್ಕ್ಸಿಸ್ ದೇಸಾಯಿಯವರ ಮುಂದಾಳತ್ವದಲ್ಲಿ ಹೊಸೂರು ಕ್ವಾರ್ಟ್ಜ್ ಹಿಡಿಯಿತು, ವಾಚನ್ನು ಒಡವೆಯ ಸಾಲಿಗೆ ತಂದು ನಿಲ್ಲಿಸಿತು.

ಒಡವೆಯಾದ ಮೇಲೆ ಲೋಹದ ಮಾತು ಬರಲೇಬೇಕಲ್ಲ. ಮದುವೆಯಲ್ಲಿ ವರನಿಗೆ ಉಂಗುರದ ಜೊತೆ ವಾಚು ಕೊಡುವುದು ನಮ್ಮಲ್ಲಿ ಹಳೆಯ ರೂಢಿ. ಒಂದು ಕಾಲಕ್ಕೆ ಅದು ಬಂಗಾರದ ಬಣ್ಣದ್ದೇ ಆಗಬೇಕಿತ್ತು. ಈಗ ಚಿನ್ನ-ಬೆಳ್ಳಿ ಎರಡೂ ಬಣ್ಣ ಬೆರೆತ ಚೈನಿನ ವಾಚಿಗೂ ಅಷ್ಟೇ ಗಿರಾಕಿ. ಪಂಚೆಗೂ ಒಪ್ಪುತ್ತೆ, ಪ್ಯಾಂಟಿಗೂ ಒಪ್ಪುತ್ತೆ. ಸೊಂಟದಿಂದ ಮೇಲೆ ಬಂಗಾರ, ಕೆಳಗೆ ಬೆಳ್ಳಿ ಎಂದು ಮೈಯನ್ನೇ ಎರಡು ಲೋಹಕ್ಕೆ ಹಂಚಿಕೊಟ್ಟ ಜನ ನಾವು. ಆ ಎರಡನ್ನೂ ಒಂದೇ ಮಣಿಕಟ್ಟಿನ ಮೇಲೆ ಕೂಡಿಸಿದರೂ ಯಾರೂ ಹುಬ್ಬೇರಿಸಲಿಲ್ಲ!

ಪೂರ್ತಿ ಬಂಗಾರಕ್ಕೆ ದುಡ್ಡು ಸಾಲದವರ ವಾಚು ಎಂಬ ಕೊಂಕು ಇದಕ್ಕಿದೆ. ನನಗೆ ಹಾಗನ್ನಿಸುವುದಿಲ್ಲ. ಸ್ವಿಟ್ಜರ್ಲೆಂಡಿನ ರೋಲೆಕ್ಸ್ ಕಂಪನಿ ಉಕ್ಕು-ಚಿನ್ನದ ಈ ಜೋಡಿಗೆ 1933ರಲ್ಲೇ 'ರೋಲೆಸಾರ್' ಎಂಬ ಹೆಸರು ನೋಂದಾಯಿಸಿಕೊಂಡಿತ್ತು. ಅವರು ಚಿನ್ನವನ್ನು ಎಲ್ಲಿಟ್ಟರು ನೋಡಿ: ಗಾಜಿನ ಸುತ್ತಲಿನ ಬಳೆ, ಕೀಲಿ ತಿರುಗಿಸುವ ಗುಂಡಿ, ಚೈನಿನ ನಡುಸಾಲು. ಬೆವರು ಕುಡಿಯುವ ಒಡಲು, ಮೇಜಿಗೆ ಉಜ್ಜುವ ಅಂಚಿನ ಕಡಿಗಳು ಉಕ್ಕು. ಕಣ್ಣು ಬೀಳುವಲ್ಲಿ ಚಿನ್ನ, ಪೆಟ್ಟು ಬೀಳುವಲ್ಲಿ ಉಕ್ಕು. ಆ ಬಳೆಯ ಸುತ್ತ ಹಲ್ಲುಹಲ್ಲಾದ ಗೆರೆಗಳಿರುತ್ತವಲ್ಲ, ಅವು ಮೊದಲು ಅಲಂಕಾರವಾಗಿರಲಿಲ್ಲ. ನೀರು ನುಗ್ಗದಂತೆ ಬಳೆಯನ್ನು ಒಡಲಿಗೆ ತಿರುಗಿಸಿ ಬಿಗಿಯಲು ಉಪಕರಣಕ್ಕೆ ಹಿಡಿತ ಬೇಕಿತ್ತು. ಕೆಲಸ ಮುಗಿದರೂ ಗೆರೆ ಉಳಿಯಿತು, ಈಗ ಅದೇ ಅದರ ಗುರುತು.

ಕುಶಲತೆ ಇರುವುದು ಎರಡು ಲೋಹ ಸಂಧಿಸುವ ಗೆರೆಯಲ್ಲಿ. ಅಂಚಿನ ಉಕ್ಕಿನ ಕಡಿಗಳಿಗೆ ಸಾಮಾನ್ಯವಾಗಿ ಒಂದೇ ದಿಕ್ಕಿನ ಸಣ್ಣ ಗೀರು ಎಳೆದು ಮಂಕು ಮೆರುಗು ಕೊಡುತ್ತಾರೆ, ನಡುವಿನ ಹೊನ್ನಿನ ಕಡಿಗಳನ್ನು ಕನ್ನಡಿಯಂತೆ ಉಜ್ಜುತ್ತಾರೆ. ಮಂಕು ಮುಗಿದು ಹೊಳಪು ಶುರುವಾಗುವ ಜಾಗ ಕತ್ತರಿಸಿದಂತಿರಬೇಕು. ಉಜ್ಜುವವನ ಕೈ ಚೂರು ವಾಲಿದರೂ ಅಂಚು ಕರಗಿ ದುಂಡಗಾಗುತ್ತದೆ. ನಮ್ಮ ಬಿದರಿ ಕೆಲಸದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಸತು-ತಾಮ್ರದ ಎರಕದಲ್ಲಿ ಕಚ್ಚು ಕೊರೆದು, ಬೆಳ್ಳಿಯನ್ನು ಬಡಿದು ಕೂರಿಸಿ, ಬೀದರ್ ಕೋಟೆಯ ಮಣ್ಣಿನ ದ್ರಾವಣದಲ್ಲಿ ಅದ್ದಿದರೆ ಎರಕ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಅಲ್ಲಿಯೂ ಬೆಲೆ ಗೆರೆಯದೇ.

ನಮ್ಮ ಕೈಗೆಟುಕುವ ವಾಚುಗಳ ಕಥೆ ಬೇರೆ. ಅವುಗಳಲ್ಲಿ ಚಿನ್ನವೆಂದರೆ ಹೆಚ್ಚಾಗಿ ಲೇಪ. ಗಾಳಿ ತೆಗೆದ ಪೆಟ್ಟಿಗೆಯೊಳಗೆ ಟೈಟಾನಿಯಂ ಲೋಹವನ್ನು ಆವಿಯಾಗಿಸಿ ಸಾರಜನಕ ಹಾಯಿಸಿದರೆ, ಉಕ್ಕಿನ ಮೇಲೆ ಟೈಟಾನಿಯಂ ನೈಟ್ರೈಡಿನ ತೆಳುಪದರ ಕೂರುತ್ತದೆ. ಅದರ ಬಣ್ಣ ಹೊನ್ನಿನದು, ಗಡಸುತನ ಉಕ್ಕಿಗಿಂತ ಹೆಚ್ಚು. ಅದರ ಮೇಲೆ ನಿಜವಾದ ಚಿನ್ನದ ಒಂದು ಸವರು ಇರಬಹುದು, ಇಲ್ಲದೆಯೂ ಇರಬಹುದು. ಎರಡು ಬಣ್ಣ ಬೇಕಾದರೆ ಉಕ್ಕು ಉಳಿಯಬೇಕಾದ ಭಾಗಕ್ಕೆ ಮುಸುಕು ಹಾಕಿ ಲೇಪಿಸುತ್ತಾರೆ, ಇಲ್ಲವೇ ಕಡಿಗಳನ್ನು ಬೇರೆಬೇರೆಯಾಗಿ ಮಾಡಿ ಆಮೇಲೆ ಪೋಣಿಸುತ್ತಾರೆ. ಇದನ್ನು ಮೋಸವೆನ್ನಲು ನನಗೆ ಮನಸ್ಸಿಲ್ಲ. ಇದೂ ಸೂಕ್ಷ್ಮದ ಕೆಲಸವೇ. 2002ರಲ್ಲಿ ಬಂದ ಟೈಟಾನ್ ಎಡ್ಜ್ ವಾಚಿನ ಒಳಯಂತ್ರದ ದಪ್ಪ 1.15 ಮಿಲಿಮೀಟರ್, ಇಡೀ ವಾಚಿನದು 3.5. ಅಷ್ಟು ತೆಳುವನ್ನು ಸಾಧಿಸಿದ ಹೊಸೂರಿಗೆ ಲೇಪದ ಲೆಕ್ಕಾಚಾರ ಹೊಸದೇನಲ್ಲ.

ವ್ಯತ್ಯಾಸ ಗೊತ್ತಾಗುವುದು ವರ್ಷಗಳು ಕಳೆದ ಮೇಲೆ. ಗಟ್ಟಿ ಚಿನ್ನದ ಕಡಿ ಮೆದು, ಬೇಗ ಗೀರು ಬೀಳುತ್ತದೆ, ಆದರೆ ಮತ್ತೆ ಉಜ್ಜಿಸಬಹುದು. ಲೇಪದ ಕಡಿ ತಡವಾಗಿ ಗೀರುಗಟ್ಟುತ್ತದೆ, ಕೊಂಡಿಯ ಅಂಚಿನಲ್ಲಿ ಒಮ್ಮೆ ಸವೆದು ಬಿಳಿ ಕಂಡಿತೋ, ಉಜ್ಜಿದಷ್ಟೂ ಬಿಳಿಯೇ ಹೆಚ್ಚು. ಅಂಥ ಚೈನನ್ನು ಪಾಲಿಶ್‌ಗೆ ಕೊಡಬೇಡಿ. ಸವೆದ ಕಡಿಯಷ್ಟನ್ನೇ ಬಿಚ್ಚಿಸಿ ಬದಲಿಸಿಕೊಳ್ಳಿ.