ಅಳತೆ ನೋಡಿ ಕೊಡುವ ಔಷಧ

ಮಳೆಗಾಲ ಬಂತೆಂದರೆ ಮಲೆನಾಡಿನ ಮನೆಗಳಲ್ಲಿ ಬೂಷ್ಟಿನ ಕಾಟ. ಚಪ್ಪಲಿಯ ಮೇಲೆ, ಪುಸ್ತಕದ ಬೆನ್ನಿನ ಮೇಲೆ, ಉಪ್ಪಿನಕಾಯಿ ಭರಣಿಯ ಬಾಯಲ್ಲಿ, ಎರಡು ದಿನ ಮರೆತಿಟ್ಟ ಬ್ರೆಡ್ಡಿನ ಮೇಲೆ ಬಿಳಿ, ಹಸಿರು, ಕಪ್ಪು ಪುಡಿ. ಒರೆಸಿ ಹಾಕಿದರೆ ಮುಗಿಯಿತೆಂದು ನಾವು ಸುಮ್ಮನಾಗುತ್ತೇವೆ. ಒರೆಸುವಾಗ ಎದ್ದ ಪುಡಿ ಎಲ್ಲಿ ಹೋಯಿತು? ಒಂದಿಷ್ಟು ನಮ್ಮ ಮೂಗಿನೊಳಕ್ಕೇ ಹೋಯಿತು.

ಆ ಪುಡಿಯೇ ಶಿಲೀಂಧ್ರಗಳ ಬೀಜಕಣ. ಆಸ್ಪರ್ಜಿಲಸ್ ಎಂಬ ಶಿಲೀಂಧ್ರದ ಬೀಜಕಣದ ಅಗಲ ಮಿಲಿಮೀಟರಿನ ಸಾವಿರದಲ್ಲಿ ಎರಡು ಮೂರು ಪಾಲು ಅಷ್ಟೆ. ಇಂಥ ನೂರಾರು ಕಣಗಳನ್ನು ನಾವು ದಿನವೂ ಉಸಿರಿನೊಂದಿಗೆ ಎಳೆದುಕೊಳ್ಳುತ್ತೇವೆ. ಆದರೂ ಕಾಯಿಲೆ ಬೀಳುವುದಿಲ್ಲ. ಹೆಚ್ಚಿನ ಶಿಲೀಂಧ್ರಗಳಿಗೆ ನಮ್ಮ ಮೈಯ 37 ಡಿಗ್ರಿ ಬಿಸಿ ಒಗ್ಗುವುದಿಲ್ಲ. ಒಗ್ಗಿಸಿಕೊಂಡ ಕೆಲವನ್ನು ಶ್ವಾಸಕೋಶದ ಕಾವಲಿಗಿರುವ ಬಿಳಿ ರಕ್ತಕಣಗಳು ನುಂಗಿ ಮುಗಿಸುತ್ತವೆ.

ಈ ಕಾವಲು ಸಡಿಲವಾದವರ ಸ್ಥಿತಿ ಬೇರೆ. ರಕ್ತದ ಕ್ಯಾನ್ಸರಿಗೆ ಚಿಕಿತ್ಸೆ ಪಡೆಯುತ್ತಿರುವ ಮಗು, ಅಸ್ಥಿಮಜ್ಜೆ ಅಥವಾ ಮೂತ್ರಪಿಂಡ ಬದಲಿಸಿಕೊಂಡವರು, ಏಡ್ಸ್ ಪೀಡಿತರು, ಬಹುಕಾಲ ಸ್ಟಿರಾಯ್ಡ್ ನುಂಗುವವರು, ಸಕ್ಕರೆ ಕಾಯಿಲೆ ಹತೋಟಿ ತಪ್ಪಿದವರು, ಇವರ ಪಾಲಿಗೆ ಉಪ್ಪಿನಕಾಯಿಯ ಬೂಷ್ಟಿನ ಬಳಗವೇ ಯಮನಾಗಬಹುದು. ಕ್ಯಾನ್ಸರನ್ನು ಗೆದ್ದು ಮನೆಗೆ ಹೊರಡಬೇಕಾದ ಮಗುವನ್ನು ಶ್ವಾಸಕೋಶದ ಶಿಲೀಂಧ್ರ ಕಸಿದುಕೊಳ್ಳುವುದು ವೈದ್ಯರಿಗೆ ಬಹಳ ನೋವು ಕೊಡುವ ಸೋಲು. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಮೊದಲ ಬಾರಿಗೆ ಅಪಾಯಕಾರಿ ಶಿಲೀಂಧ್ರಗಳ ಪಟ್ಟಿ ಮಾಡಿತು. ಅದರಲ್ಲಿರುವ 19 ಹೆಸರುಗಳ ಪೈಕಿ ಆಸ್ಪರ್ಜಿಲಸ್ ಫ್ಯೂಮಿಗೇಟಸ್ ಮೊದಲ ಸಾಲಿನ ನಾಲ್ಕರಲ್ಲಿ ಒಂದು.

ಹಾಗಾದರೆ ಔಷಧ ಕೊಟ್ಟು ಕೊಲ್ಲಬಾರದೆ? ತೊಡಕು ಇರುವುದೇ ಇಲ್ಲಿ. ಬ್ಯಾಕ್ಟೀರಿಯ ನಮಗೆ ಬಹು ದೂರದವು. ಅವುಗಳ ಕೋಶಕ್ಕೂ ನಮ್ಮ ಕೋಶಕ್ಕೂ ಅಜಗಜಾಂತರ. ಶಿಲೀಂಧ್ರಗಳು ಹಾಗಲ್ಲ. ಜೀವಿಗಳ ವಂಶವೃಕ್ಷದಲ್ಲಿ ಅವು ಗಿಡಮರಗಳಿಗಿಂತ ಪ್ರಾಣಿಗಳಿಗೆ, ಎಂದರೆ ನಮಗೆ, ಹತ್ತಿರದ ನೆಂಟರು. ನೆಂಟನಿಗೆ ಹಾಕಿದ ವಿಷ ಮನೆಯವರಿಗೂ ತಗಲುತ್ತದೆ. ಅಮೆರಿಕದ ಎಲಿಜಬೆತ್ ಹೇಜನ್ ಮತ್ತು ರೇಚಲ್ ಬ್ರೌನ್ ಎಂಬ ಇಬ್ಬರು ಮಹಿಳಾ ವಿಜ್ಞಾನಿಗಳು ಮಣ್ಣಿನ ಸೂಕ್ಷ್ಮಜೀವಿಯೊಂದರಿಂದ ಪಡೆದ ನಿಸ್ಟಾಟಿನ್ ಔಷಧವನ್ನು 1950ರಲ್ಲಿ ಪ್ರಕಟಿಸಿದರು. ಬಾಯಿಗೆ, ಚರ್ಮಕ್ಕೆ ಅದು ಒಳ್ಳೆಯದು. ರಕ್ತಕ್ಕೆ ಚುಚ್ಚುವಂತಿಲ್ಲ. ಅದೇ ದಶಕದಲ್ಲಿ ವೆನೆಜುವೆಲದ ಮಣ್ಣಿನಿಂದ ಬಂದ ಆಂಫೊಟೆರಿಸಿನ್ ಬಿ ರಕ್ತಕ್ಕೂ ಒಗ್ಗಿತು. ಆದರೆ ಅದು ಮೂತ್ರಪಿಂಡಗಳನ್ನು ಕೆಡಿಸುತ್ತಿತ್ತು.

2002ರಲ್ಲಿ ಅಮೆರಿಕದಲ್ಲಿ ಮಾನ್ಯತೆ ಪಡೆದ ವೊರಿಕೊನಜೋಲ್ ಎಂಬ ಔಷಧ ಹೊಸ ಭರವಸೆ ತಂದಿತು. ಆಸ್ಪರ್ಜಿಲಸ್ ಸೋಂಕು ತಗಲಿದ ರೋಗಿಗಳಲ್ಲಿ ಇದನ್ನು ಹಳೆಯ ಆಂಫೊಟೆರಿಸಿನ್ ಜೊತೆ ಹೋಲಿಸಿ ನೋಡಿದರು. 12 ವಾರಗಳ ನಂತರ ಬದುಕುಳಿದವರು ಹಳೆಯ ಔಷಧದ ಗುಂಪಿನಲ್ಲಿ ನೂರಕ್ಕೆ 58, ಹೊಸದರಲ್ಲಿ 71.

ಮುಂದೆ ಒಂದು ವಿಚಿತ್ರ ಸ್ಪಷ್ಟವಾಗುತ್ತ ಬಂತು. ಒಂದೇ ತೂಕದ ಇಬ್ಬರು ರೋಗಿಗಳಿಗೆ ಒಂದೇ ಪ್ರಮಾಣದ ಔಷಧ ಕೊಟ್ಟರೂ ಒಬ್ಬನ ರಕ್ತದಲ್ಲಿ ಅದು ಇದೆಯೋ ಇಲ್ಲವೋ ಎನ್ನುವಂತಿರುತ್ತದೆ, ಇನ್ನೊಬ್ಬನಲ್ಲಿ ತುಂಬಿ ತುಳುಕುತ್ತಿರುತ್ತದೆ. ಮೊದಲನೆಯವನಲ್ಲಿ ಶಿಲೀಂಧ್ರ ಹಾಯಾಗಿ ಬೆಳೆಯುತ್ತದೆ. ಎರಡನೆಯವನ ಯಕೃತ್ತು ಕೆಡುತ್ತದೆ, ಇಲ್ಲದ್ದು ಕಣ್ಣಿಗೆ ಕಾಣುತ್ತದೆ, ಮನಸ್ಸು ಗೊಂದಲಕ್ಕೆ ಬೀಳುತ್ತದೆ.

ಇದು ಹೇಗೆ? ಮನೆಯ ನೀರಿನ ತೊಟ್ಟಿಯನ್ನು ನೆನೆಸಿಕೊಳ್ಳಿ. ಮೇಲೆ ನಲ್ಲಿ, ಕೆಳಗೆ ತೂಬು. ಎರಡು ಮನೆಗಳ ನಲ್ಲಿಯಲ್ಲಿ ಒಂದೇ ಪ್ರಮಾಣದ ನೀರು ಬರುತ್ತಿದ್ದರೂ ತೂಬಿನ ಗಾತ್ರ ಬೇರೆಯಾದರೆ ತೊಟ್ಟಿಯಲ್ಲಿ ನಿಲ್ಲುವ ನೀರು ಬೇರೆಯಾಗುತ್ತದೆ. ವೊರಿಕೊನಜೋಲ್ ಪಾಲಿಗೆ ಈ ತೂಬು ಮುಖ್ಯವಾಗಿ ಯಕೃತ್ತಿನಲ್ಲಿರುವ ಸಿವೈಪಿ2ಸಿ19 ಎಂಬ ಕಿಣ್ವ. ಅದನ್ನು ತಯಾರಿಸುವ ಜೀನನ್ನು ಅಪ್ಪನಿಂದ ಒಂದು, ಅಮ್ಮನಿಂದ ಒಂದು ನಾವು ಪಡೆದಿರುತ್ತೇವೆ. ಎರಡೂ ಕೆಲಸಕ್ಕೆ ಬಾರದವಾದರೆ ತೂಬು ಕಟ್ಟಿದಂತೆ. ಇನ್ನೊಂದು ಬಗೆಯ ಜೀನು ಇದ್ದರೆ ಕಿಣ್ವ ಅತಿಯಾಗಿ ತಯಾರಾಗಿ ಔಷಧ ಬಂದಷ್ಟೇ ಬೇಗ ಬಸಿದುಹೋಗುತ್ತದೆ. ತೂಬು ಕಟ್ಟಿದವರು ಯುರೋಪ್ ಮೂಲದವರಲ್ಲಿ ನೂರಕ್ಕೆ ಎರಡು ಮೂರು ಮಂದಿ, ಪೂರ್ವ ಏಷ್ಯದಲ್ಲಿ ನೂರಕ್ಕೆ 13ರಿಂದ 15. ಭಾರತೀಯರಲ್ಲೂ ಯುರೋಪಿಗಿಂತ ಹೆಚ್ಚು.

ಜೀನೊಂದೇ ಕಾರಣವಲ್ಲ. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಮತ್ತು ಮೂರ್ಛೆರೋಗಕ್ಕೆ ಕೊಡುವ ಫೆನಿಟಾಯಿನ್ ಈ ತೂಬನ್ನು ದೊಡ್ಡದು ಮಾಡುತ್ತವೆ. ಹೊಟ್ಟೆಯುರಿಗೆ ನುಂಗುವ ಒಮೆಪ್ರಜೋಲ್ ಚಿಕ್ಕದು ಮಾಡುತ್ತದೆ. ಮೈಯಲ್ಲಿ ಉರಿಯೂತ ಜೋರಾಗಿದ್ದರೆ ಯಕೃತ್ತಿನ ಕೆಲಸ ನಿಧಾನವಾಗಿ ಔಷಧದ ಮಟ್ಟ ಏರುತ್ತದೆ. ಜ್ವರ ಇಳಿದ ಮೇಲೆ ಅದೂ ಇಳಿಯುತ್ತದೆ. ಇನ್ನು ಮಕ್ಕಳ ವಿಷಯ. ಮಗುವೆಂದರೆ ಅರ್ಧ ಆಳು, ಅರ್ಧ ಡೋಸು ಎಂಬ ಲೆಕ್ಕ ಇಲ್ಲಿ ತಲೆಕೆಳಗಾಗುತ್ತದೆ. ದೊಡ್ಡವರಿಗೆ ಮೊದಲ ದಿನದ ನಂತರ ರಕ್ತನಾಳಕ್ಕೆ ಕೊಡುವ ಪ್ರಮಾಣ ಕಿಲೋ ತೂಕಕ್ಕೆ 4 ಮಿಲಿಗ್ರಾಂ. 2ರಿಂದ 12 ವರ್ಷದ ಮಕ್ಕಳಿಗೆ ಕಿಲೋಗೆ 8 ಮಿಲಿಗ್ರಾಂ, ಅಂದರೆ ಇಮ್ಮಡಿ. ಮಕ್ಕಳ ಯಕೃತ್ತು ಈ ಔಷಧವನ್ನು ಅಷ್ಟು ಚುರುಕಾಗಿ ಹೊರಹಾಕುತ್ತದೆ.

ಹೀಗಿರುವಾಗ ಎಲ್ಲರಿಗೂ ಒಂದೇ ಅಳತೆಯ ಅಂಗಿ ಹೊಲಿದರೆ ಹೇಗೆ? ದರ್ಜಿಯ ಹಾಗೆ ವೈದ್ಯರೂ ಟೇಪು ಹಿಡಿಯಬೇಕಾಯಿತು. ಔಷಧ ಆರಂಭಿಸಿ ಕೆಲವು ದಿನಗಳಾದ ಮೇಲೆ, ಮುಂದಿನ ಡೋಸಿಗೆ ಸ್ವಲ್ಪ ಮುಂಚೆ ರಕ್ತ ತೆಗೆದು ಅದರಲ್ಲಿ ಎಷ್ಟು ಔಷಧ ಉಳಿದಿದೆ ಎಂದು ನೋಡುತ್ತಾರೆ. ಲೀಟರಿಗೆ 1 ಮಿಲಿಗ್ರಾಂಗಿಂತ ಕಡಿಮೆಯಿದ್ದರೆ ಸಾಲದು, ಸುಮಾರು 5.5ಕ್ಕಿಂತ ಹೆಚ್ಚಾದರೆ ಅಪಾಯ. ಅದಕ್ಕೆ ತಕ್ಕಂತೆ ಡೋಸನ್ನು ಏರಿಸುತ್ತಾರೆ, ಇಳಿಸುತ್ತಾರೆ, ಇಲ್ಲವೇ ಔಷಧವನ್ನೇ ಬದಲಿಸುತ್ತಾರೆ.

ಇದರಿಂದ ಲಾಭವಿದೆಯೆ? ದಕ್ಷಿಣ ಕೊರಿಯದ ಸೋಲ್ ನಗರದ ವೈದ್ಯರು 110 ರೋಗಿಗಳನ್ನು ಎರಡು ಗುಂಪು ಮಾಡಿ ಪರೀಕ್ಷಿಸಿ 2012ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಂದು ಗುಂಪಿಗೆ ರಕ್ತದ ಮಟ್ಟ ನೋಡಿ ಡೋಸು, ಇನ್ನೊಂದಕ್ಕೆ ಮಾಮೂಲಿ ಡೋಸು. ಚಿಕಿತ್ಸೆಗೆ ಗುಣ ಕಂಡವರು ಮೊದಲ ಗುಂಪಿನಲ್ಲಿ ನೂರಕ್ಕೆ 81, ಎರಡನೆಯದರಲ್ಲಿ 57. ಅಡ್ಡಪರಿಣಾಮಗಳು ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಕಂಡವು. ಆದರೆ ಅವುಗಳ ದೆಸೆಯಿಂದ ಔಷಧವನ್ನೇ ನಿಲ್ಲಿಸಬೇಕಾಗಿ ಬಂದದ್ದು ಅಳತೆ ನೋಡಿದವರಲ್ಲಿ ನೂರಕ್ಕೆ 4, ನೋಡದವರಲ್ಲಿ 17. ಔಷಧ ಅದೇ. ನೋಡಿ ಕೊಟ್ಟದ್ದಷ್ಟೇ ವ್ಯತ್ಯಾಸ.

ರೋಗಿಯನ್ನು ಅಳೆದರೆ ಅರ್ಧ ಕೆಲಸ. ಶತ್ರು ಯಾರೆಂದೂ ತಿಳಿಯಬೇಕು. 2021ರಲ್ಲಿ ಕೋವಿಡ್ ಎರಡನೇ ಅಲೆಯ ಬೆನ್ನಿಗೆ ನಮ್ಮ ದೇಶದಲ್ಲಿ ಎದ್ದ ಮ್ಯೂಕರ್ ಸೋಂಕನ್ನು ಯಾರೂ ಮರೆತಿಲ್ಲ. ಪತ್ರಿಕೆಗಳು ಕಪ್ಪು ಶಿಲೀಂಧ್ರವೆಂದು ಕರೆದ ಅದು ಆ ಜುಲೈ ಮಧ್ಯದ ಹೊತ್ತಿಗೆ 45 ಸಾವಿರಕ್ಕೂ ಹೆಚ್ಚು ಜನರನ್ನು ಹಿಡಿದಿತ್ತು. ಹಲವರ ಕಣ್ಣು ಹೋಯಿತು, ಸಾವಿರಾರು ಜನರ ಪ್ರಾಣ ಹೋಯಿತು. ಈ ಮ್ಯೂಕರ್ ಬಳಗಕ್ಕೆ ವೊರಿಕೊನಜೋಲ್ ನಾಟುವುದಿಲ್ಲ. ಆಂಫೊಟೆರಿಸಿನ್ ಬೇಕು, ಜೊತೆಗೆ ಶಸ್ತ್ರಚಿಕಿತ್ಸೆ ಬೇಕು, ಸಕ್ಕರೆ ಹತೋಟಿಗೆ ಬರಬೇಕು. ಆದರೆ ಆಸ್ಪರ್ಜಿಲಸ್ ಟೆರಿಯಸ್ ಎಂಬ ಶಿಲೀಂಧ್ರದ ಮುಂದೆ ಆಂಫೊಟೆರಿಸಿನ್ ಸೋಲುತ್ತದೆ. ಇನ್ನೂ ಒಂದು ಮಾತು. ವೊರಿಕೊನಜೋಲ್ ನೆಂಟರಾದ ರಾಸಾಯನಿಕಗಳನ್ನು ಬೆಳೆಗಳ ಬೂಷ್ಟು ರೋಗಕ್ಕೂ ಸಿಂಪಡಿಸುತ್ತಾರೆ. ಅದರಿಂದ ಹೊಲದಲ್ಲೇ ಔಷಧಕ್ಕೆ ಜಗ್ಗದ ಆಸ್ಪರ್ಜಿಲಸ್ ಹುಟ್ಟಿಕೊಳ್ಳುತ್ತಿರುವುದು ನೆದರ್ಲೆಂಡ್ಸಿನಲ್ಲಿ ಮೊದಲು ಗಮನಕ್ಕೆ ಬಂತು. ಭಾರತದಲ್ಲೂ ಅಂಥ ತಳಿ ಸಿಕ್ಕಿದೆ. ಹೀಗಾಗಿ ರೋಗಿಯ ಮೈಯಿಂದ ಶಿಲೀಂಧ್ರವನ್ನು ತೆಗೆದು ಬೆಳೆಸಿ, ಯಾವ ಔಷಧಕ್ಕೆ ಬಗ್ಗುತ್ತದೆಂದು ನೋಡುವ ಪ್ರಯೋಗಾಲಯ ಬೇಕೇ ಬೇಕು.

ಕಾವಲು ಎಲ್ಲಿ ಸಡಿಲವಾಗಿದೆ ಎಂಬುದನ್ನೂ ಅಳೆಯಬೇಕು. ಸ್ಟಿರಾಯ್ಡಿನಿಂದ ಸಡಿಲವಾಗಿದ್ದರೆ ಸಾಧ್ಯವಾದಷ್ಟು ಅದನ್ನು ತಗ್ಗಿಸುತ್ತಾರೆ. ಬಿಳಿ ರಕ್ತಕಣ ಕುಸಿದಿದ್ದರೆ ಅದನ್ನು ಹೆಚ್ಚಿಸುವ ಚುಚ್ಚುಮದ್ದು ಕೊಡಬಹುದು. ಆದರೆ ಏಡ್ಸ್ ಪೀಡಿತರಿಗೆ ಕ್ರಿಪ್ಟೊಕಾಕಸ್ ಶಿಲೀಂಧ್ರ ಮೆದುಳಿನ ಪೊರೆಗೆ ತಗಲಿದಾಗ ವೈದ್ಯರು ಏಡ್ಸಿನ ಔಷಧವನ್ನು ಬೇಕೆಂದೇ ನಾಲ್ಕರಿಂದ ಆರು ವಾರ ತಡಮಾಡಿ ಆರಂಭಿಸುತ್ತಾರೆ. ರೋಗನಿರೋಧ ಶಕ್ತಿ ಒಮ್ಮೆಲೇ ಮರಳಿದರೆ ತಲೆಯೊಳಗಿನ ಕಾದಾಟಕ್ಕೆ ರೋಗಿಯೇ ಬಲಿಯಾಗಬಹುದು. ಒಬ್ಬರಿಗೆ ತುರ್ತಾಗಿ ಬೇಕಾದದ್ದು ಇನ್ನೊಬ್ಬರಿಗೆ ಕಾದು ಕೊಡಬೇಕಾದದ್ದು!

ವ್ಯಕ್ತಿಗೆ ತಕ್ಕ ಚಿಕಿತ್ಸೆ ಎಂದೊಡನೆ ಲಕ್ಷಾಂತರ ರೂಪಾಯಿಯ ಜೀನ್ ಪರೀಕ್ಷೆ, ಹೊರದೇಶದ ಯಂತ್ರ ಕಣ್ಣಮುಂದೆ ಬರುತ್ತವೆ. ಜೀನ್ ಪರೀಕ್ಷೆ ಉಪಯುಕ್ತವೇ, ಸಂದೇಹವಿಲ್ಲ. ಆದರೆ ಅದು ಹುಟ್ಟಿನ ಲೆಕ್ಕ ಹೇಳುತ್ತದೆ, ಇವತ್ತಿನ ಜ್ವರದ ಲೆಕ್ಕ, ನಿನ್ನೆ ಸೇರಿಸಿದ ಮಾತ್ರೆಯ ಲೆಕ್ಕ ಹೇಳುವುದಿಲ್ಲ. ಅದನ್ನು ಹೇಳುವುದು ಒಂದು ಸಣ್ಣ ಶೀಶೆಯ ರಕ್ತ. ನಮ್ಮ ದೊಡ್ಡ ಊರುಗಳ ಕೆಲವು ಆಸ್ಪತ್ರೆಗಳಲ್ಲಿ ಈ ಸೌಲಭ್ಯವಿದೆ. ಜಿಲ್ಲೆ ಜಿಲ್ಲೆಗೂ ಅದು ತಲುಪಿಲ್ಲ. ಜಿಲ್ಲೆಯ ಮಾದರಿ ರಕ್ತ ದೊಡ್ಡ ಪ್ರಯೋಗಾಲಯಕ್ಕೆ ಹೋಗಿ ಎರಡು ದಿನದಲ್ಲಿ ಉತ್ತರ ಬರುವಂತಾದರೂ ಎಷ್ಟೋ ಜೀವ ಉಳಿದೀತು.

ಮನೆಯಲ್ಲಿ ಇಂಥ ರೋಗಿ ಇದ್ದರೆ ತಂದೆತಾಯಂದಿರು ಮಾಡಬಹುದಾದದ್ದೂ ಇದೆ. ರೋಗಿ ತೆಗೆದುಕೊಳ್ಳುವ ಪ್ರತಿಯೊಂದು ಮಾತ್ರೆ, ಕಷಾಯ, ನಾಟಿ ಮದ್ದನ್ನು ಚೀಟಿಯಲ್ಲಿ ಬರೆದು ವೈದ್ಯರಿಗೆ ತೋರಿಸಿ. ಡೋಸು ತಪ್ಪಿದ್ದರೆ ಮುಚ್ಚಿಡಬೇಡಿ. ರಕ್ತದ ಲೆಕ್ಕವೇ ತಪ್ಪುತ್ತದೆ. ದೃಷ್ಟಿ ಮಂಜಾದರೆ, ಬಣ್ಣ ಬೇರೆಯಾಗಿ ಕಂಡರೆ, ಕಣ್ಣು ಹಳದಿಯಾದರೆ ಕೂಡಲೇ ಹೇಳಿ. ನೀವಾಗಿಯೇ ಔಷಧ ನಿಲ್ಲಿಸಬೇಡಿ. ರಕ್ತದಲ್ಲಿ ಔಷಧದ ಮಟ್ಟ ನೋಡಿಸಬೇಕೆ ಎಂದು ಕೇಳಲು ಸಂಕೋಚ ಬೇಡ. ಪಕ್ಕದ ಹಾಸಿಗೆಯ ಮಗುವಿಗೆ ಕೊಟ್ಟಷ್ಟೇ ನಮ್ಮ ಮಗುವಿಗೂ ಯಾಕೆ ಕೊಡುವುದಿಲ್ಲ ಎಂದು ವೈದ್ಯರ ಮೇಲೆ ಮುನಿಸಿಕೊಳ್ಳುವವರಿದ್ದಾರೆ. ಬೇರೆ ಬೇರೆ ಕೊಡುತ್ತಿದ್ದಾರೆಂದರೆ ಅಳೆದು ಕೊಡುತ್ತಿರಬಹುದು. ಅದು ಸಮಾಧಾನಪಡಬೇಕಾದ ವಿಷಯ.