ಕಾಣದ ಹರಾಜು, ಬಾರದ ಸರಕು

ರಾಯಪುರಂನ ಕಾಸಿಮೇಡು ಮೀನುಗಾರಿಕಾ ಬಂದರಿನಲ್ಲಿ ನಸುಕಿನಲ್ಲಿಯೇ ಹರಾಜು ಆರಂಭವಾಗುತ್ತದೆ. ಕೊಳ್ಳಲು ಬಂದ ಹೆಂಗಸರು ಮೀನಿನ ಕಿವಿರನ್ನೆತ್ತಿ ಕೆಂಪು ನೋಡಿ, ಕಣ್ಣಿನ ಹೊಳಪನ್ನು ಪರೀಕ್ಷಿಸಿ, ಅನಂತರವೇ ಬೆಲೆ ಕೂಗುತ್ತಾರೆ. ಕೊಂಡದ್ದು ಆ ಕ್ಷಣವೇ ಬುಟ್ಟಿ ಸೇರುತ್ತದೆ. ವಿದ್ಯಾವಂತರೆನಿಸಿಕೊಂಡವರಾದರೋ ಮನೆಯಲ್ಲಿ ಕುಳಿತು, ಬರಿಯ ಚಿತ್ರವನ್ನು ನಂಬಿ, ಮುಖವರಿಯದ ಮಾರಾಟಗಾರನಿಗೆ ಮುಂಗಡವಾಗಿಯೇ ಹಣ ತೆತ್ತು ವಾರಗಟ್ಟಲೆ ಕಾಯುತ್ತಾರೆ. ಇದು ವಿಚಾರ ಮಾಡತಕ್ಕ ಸಂಗತಿ.

ಅಂತರ್ಜಾಲದ ಹರಾಜು 1995ರಲ್ಲಿ ಆರಂಭವಾದ ಅಮೆರಿಕದ ಈಬೇ ಸಂಸ್ಥೆಯಿಂದ ಪ್ರಸಿದ್ಧಿಗೆ ಬಂದಿತು. 2004ರಲ್ಲಿ ಅದು ಬಾಝೀ ಎಂಬ ತಾಣವನ್ನು ಕೊಂಡು ಭಾರತದಲ್ಲಿ ಕಾಲೂರಿತು. ಆ ಭಾರತೀಯ ತಾಣ 2018ರಲ್ಲಿ ಮುಚ್ಚಿಹೋಯಿತು. ಆದರೂ ವಿದೇಶದ ತಾಣಗಳಲ್ಲಿ ಬೆಲೆ ಕೂಗುವ ಚಪಲ ಇಂಗಿಲ್ಲ. ಮಾರುವವನು ಮೊದಲೇ ತಿಳಿಸದೆ ತಾನೇ ಬೆಲೆ ಏರಿಸಿದರೆ ಅದು ವಂಚನೆಯೆಂದು 1930ರ ಸರಕು ಮಾರಾಟ ಕಾಯಿದೆಯ 64ನೆಯ ಕಲಮು ಸಾರುತ್ತದೆ. ಆದರೆ ಸುಳ್ಳು ಹೆಸರುಗಳ ಮರೆಯಲ್ಲಿ ಕೂಗುವವನನ್ನು ಹಿಡಿಯುವವರು ಯಾರು?

ಇನ್ನು ವಿಳಂಬದ ಮಾತು. 2021ರ ಮಾರ್ಚಿಯಲ್ಲಿ ಒಂದೇ ಹಡಗು ಅಡ್ಡ ಸಿಕ್ಕಿ ಸೂಯೆಜ್ ಕಾಲುವೆ ಆರು ದಿನ ಮುಚ್ಚಿತ್ತು. ಕಡಲನ್ನು ದಾಟಿ ಬಂದರೂ ಮುಂದೆ ಸುಂಕದ ಕಟ್ಟೆಯಿದೆ. ಸುಂಕ ತಪ್ಪಿಸಲು ಮಾರಾಟಗಾರ 'ಉಡುಗೊರೆ' ಎಂದು ಬರೆದು ಕಳುಹಿಸುವುದುಂಟು. ಆದರೆ 2019ರ ಡಿಸೆಂಬರಿನಿಂದ ಜೀವರಕ್ಷಕ ಔಷಧ ಮತ್ತು ರಾಖಿಗಳ ಹೊರತು ಆ ರಿಯಾಯಿತಿ ಇಲ್ಲ. ಆಮೇಲೆ ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಫಲವೇನು? "ಇನ್ನೆರಡು ವಾರ ತಾಳಿರಿ" ಎನ್ನುತ್ತ ದೂರು ಕೊಡುವ ಅವಧಿಯನ್ನು ಮೀರಿಸಿಬಿಡುವ ಚತುರರೂ ಇದ್ದಾರೆ.

ಕೊಂಡದ್ದು ಹಳೆಯ ನಾಣ್ಯವೋ ಗಡಿಯಾರವೋ ಆದರೆ ನಷ್ಟ ಹಣಕ್ಕೆ ಮಾತ್ರ. ಸಕ್ಕರೆ ಅಳೆಯುವ ಗ್ಲೂಕೋಮೀಟರಾದರೆ ನಷ್ಟ ದೇಹಕ್ಕೆ. ಅದರ ಸ್ಟ್ರಿಪ್ಪುಗಳು ಶಾಖಕ್ಕೂ ತೇವಕ್ಕೂ ಕೆಡತಕ್ಕವು. ಚೆನ್ನೈಯ ಬೇಸಗೆಯಲ್ಲಿ ಗೋದಾಮಿನಲ್ಲಿ ಬಿದ್ದಿದ್ದ ಸ್ಟ್ರಿಪ್ಪು ತಪ್ಪು ಅಂಕಿ ತೋರಬಹುದು. ಬ್ರಿಟನ್ನಿನ ಯಂತ್ರ 'ಮಿಲಿಮೋಲ್' ಲೆಕ್ಕದಲ್ಲಿ 7 ಎಂದರೆ, ಇಲ್ಲಿನ ಮಿಲಿಗ್ರಾಂ ಲೆಕ್ಕದಲ್ಲಿ ಅದು 126. ಖಾಲಿ ಹೊಟ್ಟೆಯಲ್ಲಿ ಅದು ಮಧುಮೇಹದ ಗಡಿ. ಇದನ್ನರಿಯದ ವೃದ್ಧರು ತಮ್ಮ ಮಾತ್ರೆಯನ್ನು ತಾವೇ ಹೆಚ್ಚು ಕಡಿಮೆ ಮಾಡಿಕೊಂಡರೆ ಗತಿಯೇನು? ಅಮೆರಿಕದ 120 ವೋಲ್ಟಿಗೆಂದೇ ತಯಾರಾದ ನೆಬ್ಯುಲೈಸರು ಇಲ್ಲಿನ 230 ವೋಲ್ಟಿಗೆ ಸುಟ್ಟುಹೋದೀತು. ಎಲ್ಲಕ್ಕೂ ಮಿಗಿಲಾಗಿ, ಸರಕು ಬರುವವರೆಗೆ ಪರೀಕ್ಷೆಯನ್ನೇ ನಿಲ್ಲಿಸುವುದು ಘೋರ ಅವಿವೇಕ.

ಪರಿಹಾರ ಕಠಿಣವಲ್ಲ. 2020ರ ಇ-ವಾಣಿಜ್ಯ ನಿಯಮಗಳಂತೆ ತಾಣದ ಅಧಿಕಾರಿ ದೂರು ತಲುಪಿದುದನ್ನು 48 ಗಂಟೆಯೊಳಗೆ ತಿಳಿಸಿ, ಒಂದು ತಿಂಗಳೊಳಗೆ ಪರಿಹರಿಸಬೇಕು. 1915 ಎಂಬ ಸಂಖ್ಯೆಗೆ ಕರೆ ಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ನೆರವು ಪಡೆಯಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ ತಾನು ವಾಸಿಸುವ ಊರಿನಲ್ಲಿಯೇ ದಾವೆ ಹೂಡಲೂ ಅವಕಾಶವಿದೆ. ಆದರೆ ಕಡಲಾಚೆಯ ಅನಾಮಿಕನನ್ನು ಕಟಕಟೆಗೆ ತರುವುದು ಹೇಳಿದಷ್ಟು ಸುಲಭವಲ್ಲ.

ಆದುದರಿಂದ ಮೋಜಿನ ವಸ್ತುವಿಗೆ ಹರಾಜು ಕೂಗುವವರು ಕೂಗಲಿ. ಪಾವತಿಯ ದಾಖಲೆಯನ್ನೂ ದೂರಿನ ಕೊನೆಯ ದಿನಾಂಕವನ್ನೂ ಬರೆದಿಟ್ಟುಕೊಳ್ಳಲಿ. ಔಷಧ ಹಾಗೂ ವೈದ್ಯಕೀಯ ಸಾಧನಗಳನ್ನು ಮಾತ್ರ ಪರಿಚಿತ ಔಷಧದಂಗಡಿಯಲ್ಲಿ, ತಯಾರಿಕೆಯ ಹಾಗೂ ಅವಧಿ ಮುಗಿಯುವ ದಿನಾಂಕಗಳನ್ನು ನೋಡಿ, ರಸೀದಿ ಪಡೆದು ಕೊಳ್ಳತಕ್ಕದ್ದು. ರಾಯಪುರಂ ಭಾಗದವರಿಗೆ ಸ್ಟಾನ್ಲಿ ಸರ್ಕಾರಿ ಆಸ್ಪತ್ರೆ ದೂರವೇನಲ್ಲ. ಅಲ್ಪದಾಸೆಗೆ ಆರೋಗ್ಯವನ್ನು ಪಣಕ್ಕಿಡುವುದು ಜಾಣತನವಲ್ಲ.